ಲೈಫ್ ಜಾಕೆಟ್ ಒಡವೆಯಲ್ಲ

ಅಂಗಡಿಯವರು ಕೊಟ್ಟ ಪಟ್ಟಿಯಲ್ಲಿ ಲೈಫ್ ಜಾಕೆಟ್ ಇದ್ದದ್ದು ಕೊನೆಯ ಪುಟದಲ್ಲಿ. ಕಾಫಿ ಲೋಟ ಇಡುವ ಬಳೆ, ಗಾಳದ ಕೋಲು ಸಿಕ್ಕಿಸುವ ಕೊಳವೆ, ಕೂರುವ ಮೆತ್ತೆ, ಇವುಗಳ ಸಾಲಿನಲ್ಲಿ. ಪುಟದ ತಲೆಬರಹ 'ಆಕ್ಸೆಸರಿಗಳು'. ಆ ಶಬ್ದವನ್ನು ನಾನು ಮೊದಲು ಕೇಳಿದ್ದು ಕುಂದಾಪುರದ ಫ್ಯಾನ್ಸಿ ಅಂಗಡಿಯಲ್ಲಿ. ಸೀರೆಗೆ ಹೊಂದುವ ಬಳೆ, ಕ್ಲಿಪ್ಪು, ಪರ್ಸುಗಳಿಗೆ ಅಲ್ಲಿ ಹಾಗೆನ್ನುತ್ತಿದ್ದರು. ಇದ್ದರೆ ಚೆಂದ, ಇಲ್ಲದಿದ್ದರೂ ನಡೆಯುತ್ತದೆ. ಪ್ರಾಣ ಉಳಿಸುವ ವಸ್ತುವನ್ನೂ ಆ ಸಾಲಿಗೆ ಸೇರಿಸಿದವರ ಮೇಲೆ, ಅದನ್ನು ಹಾಗೆಯೇ ನಂಬಿದ ಗಂಡಸರ ಮೇಲೆ, ಬಾಯಿಮುಚ್ಚಿ ದೋಣಿ ಹತ್ತಿದ ನನ್ನಂಥ ಹೆಂಗಸರ ಮೇಲೂ ನನ್ನದೊಂದು ಜಗಳವಿದೆ.

ನಾವಿರುವುದು ಕ್ಯಾಲಿಫೋರ್ನಿಯಾದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಪೂರ್ವ ದಂಡೆಯಲ್ಲಿ. 2021ರಲ್ಲಿ, ಕೊರೋನಾ ಕಾಲದ ಮನೆವಾಸ ಸಾಕಾಗಿ ನಮ್ಮವರು ಇಬ್ಬರು ಕೂರುವ ಒಂದು ಪೆಡಲ್ ಕಯಾಕ್ ತಂದರು. ಕಯಾಕ್ ಎಂದರೆ ಉದ್ದನೆಯ, ಅಗಲ ಕಡಿಮೆಯ ಪುಟ್ಟ ದೋಣಿ. ಸಾಮಾನ್ಯ ಕಯಾಕಿಗೆ ಕೈಯಲ್ಲಿ ಹುಟ್ಟು ಹಾಕಬೇಕು, ಇದಕ್ಕೆ ಕಾಲು ಸಾಕು. ಇಲ್ಲಿಯದೇ ಆದ ಹೋಬಿ ಕಂಪನಿ 1997ರಲ್ಲಿ ಇಂಥದೊಂದು ಏರ್ಪಾಡನ್ನು ತಂದಿತು. ಪೆಡಲ್ ಒತ್ತಿದರೆ ದೋಣಿಯಡಿಯಲ್ಲಿ ಎರಡು ರೆಕ್ಕೆಗಳು ಪೆಂಗ್ವಿನ್ ಹಕ್ಕಿಯ ರೆಕ್ಕೆಯಂತೆ ಅತ್ತಿತ್ತ ಆಡಿ ದೋಣಿಯನ್ನು ಮುಂದೆ ದೂಡುತ್ತವೆ. ಈಗ ಬೇರೆ ಬೇರೆ ಕಂಪನಿಗಳು ಬೇರೆ ಬೇರೆ ತರದ್ದನ್ನು ಮಾಡುತ್ತವೆ. ನಮ್ಮದು ಯಾರದೆಂಬುದು ಬೇಡ, ತಪ್ಪು ದೋಣಿಯದಲ್ಲ. ವರ್ಷಗಟ್ಟಲೆ ಹೊಲಿಗೆ ಯಂತ್ರ ತುಳಿದ ಕಾಲು ನನ್ನದು. ಮೊದಲ ದಿನವೇ ನನಗದು ಒಲಿದುಬಿಟ್ಟಿತು. ಅಲ್ಲಿಗೇ ನಿಲ್ಲಿಸಿದ್ದರೆ ಈ ಬರಹ ಇರುತ್ತಿರಲಿಲ್ಲ.

ಗಂಡಸರ ಕೈಗೆ ಚಲಿಸುವ ವಸ್ತು ಸಿಕ್ಕಿದರೆ ಅದು ಇದ್ದ ಹಾಗೆ ಇರುವುದುಂಟೇ? ಮೊದಲು ಹಾಯಿ ಬಂತು. ಬೆನ್ನಿಗೇ ಬ್ಯಾಟರಿಯ ಮೋಟಾರು ಬಂತು. ಭಾನುವಾರಗಳೆಲ್ಲ ಗ್ಯಾರೇಜಿನಲ್ಲೇ ಕಳೆದವು. ಇವರ ಗೆಳೆಯರು ಚಹಾ ಕುಡಿಯುತ್ತ ತೂತು ಎಲ್ಲಿ ಕೊರೆಯಬೇಕೆಂದು ಸಲಹೆ ಕೊಟ್ಟರು. ಲೈಫ್ ಜಾಕೆಟ್ಟಿನ ಬಗ್ಗೆ ಯಾರೂ ಸಲಹೆ ಕೊಡಲಿಲ್ಲ. ಇದ್ದುದರಲ್ಲಿ ಅಗ್ಗದ ಎರಡು ತಂದು ದೋಣಿಯ ಹಿಂಭಾಗದಲ್ಲಿ ಇಲಾಸ್ಟಿಕ್ ಹಗ್ಗದಡಿ ಸಿಕ್ಕಿಸಿದರು. ನಾನು ಕೇಳಿದ್ದಕ್ಕೆ ಉತ್ತರ ತಯಾರಿತ್ತು: "ಎಂತ ಮಾರಾಯ್ತಿ, ನಮ್ಮ ಗಂಗೊಳ್ಳಿಯಲ್ಲಿ ಕಡಲಿಗೆ ಹೋಗುವವರು ಇದನ್ನೆಲ್ಲ ಹಾಕಿಕೊಳ್ತಾರಾ?"

2022ರ ಜೂನ್ ತಿಂಗಳ ಒಂದು ಶನಿವಾರ. ಬೆಳಿಗ್ಗೆ ಹೊರಡಬೇಕಾದವರು ತಿಂಡಿ, ಬುತ್ತಿ ಎನ್ನುತ್ತ ಮಧ್ಯಾಹ್ನ ಮಾಡಿದೆವು. ಈ ಕೊಲ್ಲಿಯ ಬೇಸಿಗೆಯ ಗುಣ ಬಲ್ಲವರು ಹಾಗೆ ಮಾಡುವುದಿಲ್ಲ. ಒಳನಾಡಿನ ಕಣಿವೆ ಕಾದ ಹಾಗೆ ಅಲ್ಲಿಯ ಗಾಳಿ ಮೇಲೇರುತ್ತದೆ. ಅದರ ಜಾಗ ತುಂಬಲು ಸಮುದ್ರದ ತಣ್ಣನೆ ಗಾಳಿ ಗೋಲ್ಡನ್ ಗೇಟಿನ ಕಿಂಡಿಯಿಂದ ನುಗ್ಗುತ್ತದೆ. ಬೆಳಿಗ್ಗೆ ಕನ್ನಡಿಯಂತಿದ್ದ ನೀರು ಮಧ್ಯಾಹ್ನ ಕುದಿಯುವ ಹಾಗಿರುತ್ತದೆ. ಹನ್ನೊಂದು ವರ್ಷದ ಮಗಳು ಗೆಳತಿಯ ಮನೆಯವರೊಂದಿಗೆ ದಡದಲ್ಲಿದ್ದಳು. ನಾವು ಹೊರಡುವಾಗ ಹಿಂದಿನಿಂದ ಜಾಕೆಟ್ ಎಳೆದು ತೆಗೆದು, "ಅಮ್ಮ, ನೀನು ಹಾಕಿಕೊಳ್ಳದಿದ್ದರೆ ಮುಂದಿನ ಸಲ ನಾನೂ ಹಾಕುವುದಿಲ್ಲ" ಎಂದು ಹಟ ಹಿಡಿದಳು. ತನ್ನ ಸೀಟಿಯನ್ನೂ ಅದಕ್ಕೆ ಕಟ್ಟಿದಳು. ಹಾಕಿಕೊಂಡೆ, ಅವಳ ಸಮಾಧಾನಕ್ಕೆ. ಇವರು ನಕ್ಕು, "ಫೋಟೋದಲ್ಲಿ ದಪ್ಪ ಕಾಣ್ತೀಯ" ಎಂದರು.

ದಡದಿಂದ ಅರ್ಧ ಮೈಲು ಹೋಗಿರಬೇಕು. ಮೋಟಾರಿನ ತಂತಿ ಸರಿಮಾಡಲು ಇವರು ಹಾಯಿಯ ಹಗ್ಗವನ್ನು ಗೂಟಕ್ಕೆ ಬಿಗಿದರು. ಇಷ್ಟು ಸಣ್ಣ ದೋಣಿಯಲ್ಲಿ ಆ ಹಗ್ಗ ಕೈಯಲ್ಲೇ ಇರಬೇಕು. ಗಾಳಿ ಜೋರಾದ ಗಳಿಗೆಯಲ್ಲಿ ಬಿಟ್ಟುಕೊಟ್ಟರೆ ಹಾಯಿ ಬರಿದಾಗಿ ದೋಣಿ ನೆಟ್ಟಗಾಗುತ್ತದೆ, ಬಿಗಿದರೆ ಹಾಯಿ ದೋಣಿಯನ್ನೇ ಎತ್ತಿ ಹಾಕುತ್ತದೆ. ಇದನ್ನು ಆಮೇಲೆ ಕಲಿತೆ. ಆವತ್ತು ಕಂಡದ್ದು ಇಷ್ಟೇ: ಹಾಯಿ ಒಮ್ಮೆ ಪಟ್ಟೆಂದಿತು, ಆಕಾಶ ಓರೆಯಾಯಿತು, ತಣ್ಣನೆ ನೀರು ಎದೆ ಹಿಡಿಯಿತು.

ಈಜು ಬಾರದ ನಾನು ತೇಲುತ್ತಿದ್ದೆ. ಊರ ಹೊಳೆಯನ್ನು ಎಷ್ಟೋ ಸಲ ಈಜಿ ದಾಟಿದ ಇವರು ಉಸಿರಿಗಾಗಿ ಒದ್ದಾಡುತ್ತಿದ್ದರು. ಇವರ ಜಾಕೆಟ್ ಮಗುಚಿದ ದೋಣಿಯ ಅಡಿಯಲ್ಲಿ, ಹಗ್ಗದಲ್ಲಿ ಭದ್ರವಾಗಿತ್ತು. ಒಂದು ಕೈ ದೋಣಿಯ ಮೇಲೆ, ಇನ್ನೊಂದು ಕೈಯಲ್ಲಿ ನನ್ನ ಜಾಕೆಟ್ಟಿನ ಪಟ್ಟಿ. ಈಜು ಬಲ್ಲವರು ಈಜು ಬಾರದವಳನ್ನು ಹಿಡಿದುಕೊಂಡು ಬದುಕಿದರು. ಫೋನು ಮುಚ್ಚಳದೊಳಗೆ. ನಾನು ಸೀಟಿ ಊದಿದೆ, ಊದಿದೆ, ಊದುತ್ತಲೇ ಇದ್ದೆ. ಹಾಯಿಹಲಗೆಯ ಮೇಲೆ ಆಡುತ್ತಿದ್ದ ಇಬ್ಬರು ಹುಡುಗರಿಗೆ ಕೇಳಿಸಿತು.

ನಮ್ಮದು ಅಪರೂಪದ ಕತೆಯೇನಲ್ಲ. ಅಮೆರಿಕದ ಕರಾವಳಿ ಕಾವಲು ಪಡೆಯ ಲೆಕ್ಕದಂತೆ 2023ರಲ್ಲಿ ಮೋಜಿನ ದೋಣಿಗಳ ಅಪಘಾತದಲ್ಲಿ ಸತ್ತವರು 564 ಮಂದಿ. ಸಾವಿನ ಕಾರಣ ಗೊತ್ತಾದವರಲ್ಲಿ ನೂರಕ್ಕೆ 75 ಮಂದಿ ಮುಳುಗಿ ಸತ್ತವರು. ಹಾಗೆ ಮುಳುಗಿದವರಲ್ಲಿ ನೂರಕ್ಕೆ 87 ಮಂದಿ ಲೈಫ್ ಜಾಕೆಟ್ ಹಾಕಿರಲಿಲ್ಲ. ಇದಕ್ಕಿಂತ ನೇರವಾಗಿ ಲೆಕ್ಕ ಮಾತಾಡಲು ಸಾಧ್ಯವೇ?

ಕಾನೂನೂ ಅರ್ಧಕ್ಕೇ ನಿಲ್ಲುತ್ತದೆ. ನಮ್ಮದರಷ್ಟು ಉದ್ದದ ದೋಣಿಗೆ ಹಾಯಿಯನ್ನೋ ಮೋಟಾರನ್ನೋ ಹಾಕಿದೊಡನೆ ಕ್ಯಾಲಿಫೋರ್ನಿಯಾದಲ್ಲಿ ಅದನ್ನು ನೋಂದಾಯಿಸಿ ನಂಬರು ಅಂಟಿಸಬೇಕು. ಮೋಟಾರು ನಡೆಸುವವರು ಪರೀಕ್ಷೆ ಬರೆದು ಕಾರ್ಡು ಪಡೆಯಬೇಕು. ದೋಣಿಯ ಜಾತಿಯೇ ಬದಲಾಯಿತೆಂದು ಸರಕಾರಕ್ಕೆ ಗೊತ್ತು. ಆದರೆ ಇಂಥ ಸಣ್ಣ ದೋಣಿಗಳಲ್ಲಿ ಜಾಕೆಟ್ ಮೈಮೇಲೆ ಇರಲೇಬೇಕಾದ್ದು ಹದಿಮೂರು ತುಂಬದ ಮಕ್ಕಳಿಗೆ ಮಾತ್ರ. ದೊಡ್ಡವರದು ಕೈಗೆ ಸಿಗುವಂತೆ ದೋಣಿಯಲ್ಲಿದ್ದರೆ ಸಾಕಂತೆ. ದೋಣಿ ಮಗುಚಿದ ಮೇಲೆ ಕೈಗೆ ಸಿಗುವುದು ಏನೆಂದು ನನ್ನನ್ನು ಕೇಳಿ.

ಹಾಯಿ, ಮೋಟಾರು ಬೇಡವೆಂದು ನಾನು ಹೇಳುತ್ತಿಲ್ಲ. ಕಾಲು ಸೋತಾಗ ಮೋಟಾರು ದಡ ಸೇರಿಸುತ್ತದೆ, ಗಾಳಿ ಹದವಾಗಿದ್ದರೆ ಹಾಯಿಯಷ್ಟು ಸುಖ ಬೇರೆಯಿಲ್ಲ. ಆದರೆ ಹೊಸದಾಗಿ ಹಾಕಿದ ಒಂದೊಂದೂ ಒಂದೊಂದು ಹೊಸ ಅಪಾಯವನ್ನು ತರುತ್ತದೆ. ಹಾಯಿಯ ಕಂಬದಿಂದ ದೋಣಿಯ ತಲೆಭಾರ ಹೆಚ್ಚುತ್ತದೆ. ಮಗುಚಿದರೆ ಹಾಯಿ ನೀರಿನೊಳಗೆ ಹರಡಿಕೊಂಡು ನೆಟ್ಟಗಾಗಲು ಬಿಡುವುದಿಲ್ಲ. ಹಾಯಿ ಸುತ್ತಿ, ಕಂಬ ಕಿತ್ತು ತೆಗೆಯಬೇಕು. ಬ್ಯಾಟರಿಯ ತೂಕವನ್ನೂ ದೋಣಿ ತಾಳುವ ಭಾರದ ಲೆಕ್ಕದಲ್ಲಿ ಹಿಡಿಯಬೇಕು. ನಡೆಸುವವರು ನೀರಿಗೆ ಬಿದ್ದರೆ ಮೋಟಾರು ತಾನೇ ನಿಲ್ಲುವಂಥ ದಾರ ಕೈಗೆ ಕಟ್ಟಿರಬೇಕು, ಇಲ್ಲದಿದ್ದರೆ ದೋಣಿ ನಿಮ್ಮನ್ನು ಬಿಟ್ಟು ಹೋದೀತು. ಆದ್ದರಿಂದ ಪಟ್ಟಿ ತಿರುಗಬೇಕು. ಮೊದಲು ಜಾಕೆಟ್, ಸೀಟಿ, ನೀರಲ್ಲಿ ತೇಲುವ ರೇಡಿಯೋ, ಮಗುಚಿದ ದೋಣಿಗೆ ಮತ್ತೆ ಹತ್ತುವ ಅಭ್ಯಾಸ. ಆಮೇಲೆ ಹಾಯಿ. ಕೊನೆಗೆ ಮೋಟಾರು.

ಇನ್ನು ಗಂಗೊಳ್ಳಿಯ ಮಾತು. ಕಡಲಿಗೆ ಹೋಗುವವರ ಧೈರ್ಯವನ್ನು ಗ್ಯಾರೇಜಿನಲ್ಲಿ ಕೂತು ಸಾಲ ತರುವವರು, ದಡದಲ್ಲಿ ಕಾದು ಕೂತ ಅವರ ಹೆಂಡಂದಿರ ನಿದ್ದೆಗೆಟ್ಟ ರಾತ್ರಿಗಳನ್ನೂ ಸಾಲ ತರಲಿ. 2019ರ ಜನವರಿಯಲ್ಲಿ ಕಾರವಾರದ ಕೂರ್ಮಗಡ ಜಾತ್ರೆಗೆ ಹೋಗಿ ಮರಳುತ್ತಿದ್ದ ದೋಣಿ ಮಗುಚಿತಲ್ಲ, ಹೆಂಗಸರು ಮಕ್ಕಳು ಸೇರಿ ಹದಿನೈದಕ್ಕೂ ಹೆಚ್ಚು ಜನ ಹೋದರಲ್ಲ, ಆ ದೋಣಿಯಲ್ಲಿ ಮಿತಿ ಮೀರಿ ಜನ ತುಂಬಿದ್ದರು. ಆ ಕಡಲೂ ನಮ್ಮದೇ ಅಲ್ಲವೇ?

ಆ ಅಪಘಾತದ ಮರುವಾರ ಇವರು ದೋಣಿಯ ಇಕ್ಕೆಲಕ್ಕೆ ಕಟ್ಟುವ ತೇಲುಗಳ ಬೆಲೆ ವಿಚಾರಿಸುತ್ತಿದ್ದರು. ಒಳ್ಳೆಯ ಸಾಮಾನೇ, ದೋಣಿ ಅಷ್ಟು ಸುಲಭಕ್ಕೆ ಮಗುಚುವುದಿಲ್ಲ. ನಾನು ಅಡ್ಡ ನಿಂತೆ. ಮೊದಲು ಮೈಗೆ ಸರಿಯಾಗುವ ಜಾಕೆಟ್ ಬಂತು. ದಡದ ಹತ್ತಿರ ಬೇಕೆಂದೇ ದೋಣಿ ಮಗುಚಿ, ಹತ್ತಿ, ಮತ್ತೆ ಮಗುಚಿ ಕಲಿತೆವು. ನಲವತ್ತಾರನೆಯ ವಯಸ್ಸಿನಲ್ಲಿ ಊರಿನ ಈಜುಕೊಳದಲ್ಲಿ ಪುಟ್ಟ ಮಕ್ಕಳ ಜೊತೆ ಕಾಲು ಬಡಿದೆ. ಹಾಯಿಯ ಹಗ್ಗ ಈಗ ನನ್ನ ಕೈಯಲ್ಲಿ.

ಕುಂದಾಪುರ, ಸಾಲಿಗ್ರಾಮದ ಹಿನ್ನೀರಿನಲ್ಲೂ ಈಗ ಕಯಾಕ್ ಬಾಡಿಗೆಗೆ ಸಿಗುತ್ತದೆ. ರಜೆಯಲ್ಲಿ ನೀವೂ ಹೋದೀರಿ, ಹೋಗಿ. ಹತ್ತುವ ಮೊದಲು ಜಾಕೆಟ್ ಹಾಕಿ, ಪಟ್ಟಿಗಳನ್ನು ಬಿಗಿದು, ಹೆಗಲ ಬಳಿ ಹಿಡಿದು ಮೇಲೆತ್ತಲು ಮಗಳಿಗೆ ಹೇಳಿ. ಗಲ್ಲ ದಾಟಿ ಮೇಲೆ ಬಂದರೆ ಅದು ನಿಮ್ಮದಲ್ಲ, ಬೇರೆ ಕೇಳಿ. ಕೊಡದಿದ್ದರೆ ದೋಣಿ ಹತ್ತಬೇಡಿ. ದಪ್ಪ ಕಾಣುತ್ತೀರೆಂದು ಯಾರಾದರೂ ನಕ್ಕರೆ ಅವರಿಗೂ ಒಂದು ತೊಡಿಸಿ.