ಡಬ್ಬಿಗೆ ಮೊದಲು ತಟ್ಟೆಯ ಲೆಕ್ಕ

ಮಗ ಜಿಮ್ ಸೇರಿದ ವಾರದೊಳಗೇ ಮನೆಗೊಂದು ದೊಡ್ಡ ಪ್ರೋಟೀನ್ ಡಬ್ಬಿ ಬರುವುದು ನಮ್ಮ ಹೈದರಾಬಾದ್ ಕನ್ನಡಿಗರ ಮನೆಗಳಲ್ಲಿ ಈಗ ಹೊಸದಲ್ಲ. ಬೀದರ್, ಕಲಬುರಗಿ, ರಾಯಚೂರು ಕಡೆಯಿಂದ ಕೋಚಿಂಗ್‌ಗೆಂದು ಅಮೀರ್‌ಪೇಟೆಗೆ ಬಂದು ಹಾಸ್ಟೆಲುಗಳಲ್ಲಿರುವ ಹುಡುಗರೂ ಊರಿನಿಂದ ಬಂದ ಹಣದಲ್ಲಿ ಇದಕ್ಕೊಂದು ಪಾಲು ತೆಗೆದಿಡುತ್ತಾರೆ. ಒಂದು ಡಬ್ಬಿಗೆ ಕೆಲವು ಸಾವಿರ ರೂಪಾಯಿ. ಕೊಟ್ಟ ಹಣಕ್ಕೆ ತಕ್ಕ ಫಲ ಉಂಟೇ ಎಂದು ಹಿರಿಯರು ಕೇಳಿದರೆ, "ನಿಮಗೆ ಗೊತ್ತಾಗಲ್ಲ ಬಿಡಿ" ಎಂಬ ಉತ್ತರ ಸಿಗುತ್ತದೆ.

ಗೊತ್ತಿರುವವರು ನಮ್ಮ ಊರಿನಲ್ಲೇ ಇದ್ದಾರೆ. ತಾರ್ನಾಕಾದ ರಾಷ್ಟ್ರೀಯ ಪೋಷಣಾ ಸಂಸ್ಥೆ ನಮ್ಮ ಸಾಹಿತ್ಯ ಮಂದಿರವಿರುವ ಕಾಚಿಗುಡಕ್ಕೆ ದೂರವೇನಲ್ಲ. 1918ರಲ್ಲಿ ಕೂನೂರಿನಲ್ಲಿ ಹುಟ್ಟಿ 1958ರಲ್ಲಿ ಹೈದರಾಬಾದಿಗೆ ಬಂದ ಈ ಸಂಸ್ಥೆ 2024ರ ಮೇ ತಿಂಗಳಲ್ಲಿ ಭಾರತೀಯರಿಗಾಗಿ 17 ಆಹಾರ ಸೂತ್ರಗಳನ್ನು ಪ್ರಕಟಿಸಿತು. ಮೈಕಟ್ಟು ಬೆಳೆಸಲು ಪ್ರೋಟೀನ್ ಪುಡಿಗಳ ಮೊರೆ ಹೋಗಬೇಡಿ ಎಂಬ ಮಾತು ಅದರಲ್ಲಿ ಸ್ಪಷ್ಟವಾಗಿದೆ. ಇಂಥ ಪುಡಿಗಳಲ್ಲಿ ಸಕ್ಕರೆ, ಕೃತಕ ಸಿಹಿ, ಕೃತಕ ಸುವಾಸನೆ ಸೇರಿರಬಹುದು. ಅತಿಯಾದ ಪ್ರೋಟೀನಿನಿಂದ ಮೂಳೆಗೂ ಮೂತ್ರಪಿಂಡಕ್ಕೂ ಅಪಾಯವಿದೆ ಎಂದು ಅದು ಎಚ್ಚರಿಸಿದೆ.

ಬ್ಯಾಂಕಿನಲ್ಲಿ ಸಾಲ ಕೊಡುವ ಮೊದಲು ಅರ್ಜಿದಾರನಿಗೆ ನಿಜಕ್ಕೂ ಎಷ್ಟು ಬೇಕು, ಕೈಯಲ್ಲಿ ಎಷ್ಟಿದೆ ಎಂದು ನೋಡುತ್ತೇವೆ. ಇಲ್ಲಿಯೂ ಅದೇ ಲೆಕ್ಕ ಹಾಕೋಣ. ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಸಾಕು ಎನ್ನುತ್ತದೆ ಅದೇ ಸಂಸ್ಥೆ. 60 ಕಿಲೋ ತೂಕದವನಿಗೆ ಬೇಕಾದದ್ದು ಸುಮಾರು 50 ಗ್ರಾಂ. 150 ಗ್ರಾಂ ಜೋಳದ ಹಿಟ್ಟಿನ ರೊಟ್ಟಿಯಿಂದ 15 ಗ್ರಾಂ, 60 ಗ್ರಾಂ ತೊಗರಿಬೇಳೆಯಿಂದ 13, ಒಂದು ಹಿಡಿ ಶೇಂಗಾದಿಂದ, ಅಂದರೆ 50 ಗ್ರಾಮಿನಿಂದ, 12, ಒಂದು ದೊಡ್ಡ ಲೋಟ ಹಾಲಿನಿಂದ 8, ಒಂದು ಬಟ್ಟಲು ಮೊಸರಿನಿಂದ 3. ಒಟ್ಟು 51. ಮೊಟ್ಟೆ ತಿನ್ನುವವರಿಗೆ ಒಂದೊಂದಕ್ಕೆ 6 ಗ್ರಾಂ ಹೆಚ್ಚುವರಿ ಜಮಾ. ನಮ್ಮ ಅವ್ವಂದಿರ ಅಡುಗೆಮನೆಯಲ್ಲಿ ಈ ಖಾತೆ ಎಂದೂ ಬರಿದಾಗಿರಲಿಲ್ಲ.

ಹಾಗೆಂದು ಎಲ್ಲವೂ ಮೋಸವೆನ್ನುವುದು ನ್ಯಾಯವಲ್ಲ. ಪನೀರ್ ಮಾಡುವಾಗ ಉಳಿಯುವ ತಿಳಿನೀರಿನಿಂದ ತೆಗೆದ ವೇ ಪ್ರೋಟೀನ್ ಒಳ್ಳೆಯ ಪ್ರೋಟೀನೇ. ದಿನಾ ಭಾರ ಎತ್ತಿ ಕಸರತ್ತು ಮಾಡುವವನಿಗೆ ಸಾಮಾನ್ಯರಿಗಿಂತ ಹೆಚ್ಚು ಪ್ರೋಟೀನ್ ಬೇಕಾದೀತು. ಆದರೆ ಕಿಲೋಗೆ ಸುಮಾರು 1.6 ಗ್ರಾಂ ದಾಟಿದ ಮೇಲೆ ಸ್ನಾಯು ಇನ್ನಷ್ಟು ಬೆಳೆಯುವುದಿಲ್ಲ ಎನ್ನುತ್ತವೆ ಸಂಶೋಧನೆಗಳು. ಕ್ರಿಯಾಟಿನ್ ಎಂಬ ಇನ್ನೊಂದು ಪುಡಿ ಅಲ್ಪ ಹೊತ್ತಿನ ಜೋರಾದ ವ್ಯಾಯಾಮಕ್ಕೆ ಸ್ವಲ್ಪ ಬಲ ಕೊಡುವುದೂ ನಿಜ. ಆದರೆ ಸ್ನಾಯು ಕಟ್ಟುವುದು ಬೆವರು, ಊಟ, ನಿದ್ದೆ. ಪುಡಿ ಬರೀ ಮೇಲೋಗರ. ಬೆಳಗಿನ ತಿಂಡಿ ಬಿಟ್ಟು ಶೇಕ್ ಕುಡಿಯುವ ಹುಡುಗ ಅಸಲು ಕಳೆದುಕೊಂಡು ಬಡ್ಡಿಗೆ ಕಾದಂತೆ.

ಡಬ್ಬಿಯ ಮೇಲೆ ಬರೆದದ್ದೇ ಒಳಗಿರುತ್ತದೆಂಬ ಖಾತರಿಯೂ ಇಲ್ಲ. ಭಾರತದಲ್ಲಿ ಮಾರಾಟವಾಗುವ 36 ಪ್ರೋಟೀನ್ ಪುಡಿಗಳನ್ನು ಕೇರಳದ ವೈದ್ಯರ ತಂಡವೊಂದು ಪರೀಕ್ಷಿಸಿ 2024ರಲ್ಲಿ ವರದಿ ಪ್ರಕಟಿಸಿತು. ಸುಮಾರು ಶೇ. 70ರಷ್ಟು ಪುಡಿಗಳಲ್ಲಿ ಪ್ರೋಟೀನಿನ ಲೆಕ್ಕ ಚೀಟಿಯೊಂದಿಗೆ ತಾಳೆಯಾಗಲಿಲ್ಲ. ಸುಮಾರು ಶೇ. 14ರಲ್ಲಿ ಶಿಲೀಂಧ್ರದ ವಿಷವೂ, ಶೇ. 8ರಲ್ಲಿ ಕೀಟನಾಶಕದ ಅಂಶವೂ ಸಿಕ್ಕಿದವು.

ಇಂಥ ಬೆರಕೆಯ ಪ್ರಶ್ನೆ ಎಷ್ಟು ದೊಡ್ಡದಾಗಬಲ್ಲದು ಎಂಬುದಕ್ಕೆ ಕನ್ನಡ ನಾಡಿನ ಓಟಗಾರ್ತಿಯ ಉದಾಹರಣೆಯೇ ಇದೆ. ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿ 2010ರ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರ್ ಹರ್ಡಲ್ಸ್ ಮತ್ತು ರಿಲೇ, ಎರಡರಲ್ಲೂ ಚಿನ್ನ ಗೆದ್ದವರು. 2011ರ ಪರೀಕ್ಷೆಯಲ್ಲಿ ಅವರ ಮಾದರಿಯಲ್ಲಿ ಸ್ಟೆರಾಯ್ಡ್ ಪತ್ತೆಯಾಯಿತು. ತಾವು ಸೇವಿಸಿದ ಜಿನ್ಸೆಂಗ್ ಮಾತ್ರೆಯಲ್ಲಿ ಅದು ಬೆರೆತಿತ್ತು ಎಂಬುದು ಅವರ ಮತ್ತು ಸಹ ಓಟಗಾರ್ತಿಯರ ವಾದವಾಗಿತ್ತು. ಮೊದಲು ಒಂದು ವರ್ಷವಿದ್ದ ನಿಷೇಧವನ್ನು 2012ರಲ್ಲಿ ಅಂತಾರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಎರಡು ವರ್ಷಕ್ಕೇರಿಸಿತು. ಲಂಡನ್ ಒಲಿಂಪಿಕ್ಸ್ ಕೈತಪ್ಪಿತು. ದೇಶದ ಶಿಬಿರದಲ್ಲಿದ್ದವರಿಗೇ ಹೀಗಾದರೆ, ಗಲ್ಲಿಯ ಅಂಗಡಿಯಿಂದ ಡಬ್ಬಿ ತರುವ ನಮ್ಮ ಮಕ್ಕಳ ಗತಿಯೇನು?

ಕೊಳ್ಳಲೇಬೇಕೆಂದರೆ ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ ನೋಡಿ, ಬಿಲ್ಲು ಪಡೆದು ಕೊಳ್ಳಲಿ. ಮೂತ್ರಪಿಂಡದ ತೊಂದರೆ, ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಕಾಯಿಲೆಯಿಂದ ಸೊರಗಿದವರಿಗೂ ಊಟ ಸೇರದ ವೃದ್ಧರಿಗೂ ವೈದ್ಯರೇ ಪುಡಿ ಬರೆದುಕೊಟ್ಟರೆ ಅದು ಬೇರೆ ಮಾತು.

ನಮ್ಮ ಸಂಘಗಳಿಗೂ ಇಲ್ಲೊಂದು ಕೆಲಸವಿದೆ. ರಾಜ್ಯೋತ್ಸವದ ಕಾರ್ಯಕ್ರಮಗಳಲ್ಲಿ ಭಾಷಣಗಳ ಒಂದು ಗಂಟೆ ಕಡಿಮೆ ಮಾಡಿ, ಆಹಾರ ತಜ್ಞರೊಬ್ಬರನ್ನು ಕರೆಸಿ ಯುವಕರ ಪ್ರಶ್ನೆಗಳಿಗೆ ಉತ್ತರ ಕೊಡಿಸಬಹುದು. ಹಾಸ್ಟೆಲಿನ ಹುಡುಗರನ್ನು ವಾರಕ್ಕೊಮ್ಮೆ ಮನೆಗೆ ಕರೆದು ರೊಟ್ಟಿ, ಬೇಳೆ, ಶೇಂಗಾ ಚಟ್ನಿ ಬಡಿಸಬಹುದು. ಪರವೂರಿನಲ್ಲಿ ಮೈ ಬೆಳೆಸಿಕೊಳ್ಳಬೇಕೆಂಬ ಹುಡುಗರ ಆಸೆ ತಪ್ಪಲ್ಲ. ಆ ಆಸೆಗೆ ಸರಿಯಾದ ದಾರಿ ತೋರಿಸುವವರು ಅಂಗಡಿಯವರಲ್ಲ, ನಾವೇ ಆಗಬೇಕು.