ಒರೆಸೋದು ಕಮ್ಮಿ ಮಾಡಿ ಸ್ವಾಮಿ!

ಕುಮಾರಪರ್ವತವೋ ಕುದುರೆಮುಖವೋ, ಯಾವುದಾದರೂ ಚಾರಣಕ್ಕೆ ಹೋಗಿ ನೋಡಿ, ಈ ದೃಶ್ಯ ಗ್ಯಾರಂಟಿ. ತುದಿ ತಲುಪಿ ಉಸ್ಸಪ್ಪಾ ಅಂತ ಕೂತ ಕೂಡಲೇ ಗುಂಪಿನಲ್ಲಿ ಯಾರೋ ಒಬ್ಬರು ಬ್ಯಾಗಿನಿಂದ ಕ್ಯಾಮೆರಾ ತೆಗೆದು, ಮುಚ್ಚಳ ಬಿಚ್ಚಿ, ಲೆನ್ಸಿನ ಮೇಲೆ ‘ಹಾ...’ ಅಂತ ಉಸಿರು ಬಿಟ್ಟು, ಬೆವರಲ್ಲಿ ತೊಯ್ದ ಟೀ ಶರ್ಟಿನ ತುದಿಯಿಂದ ಗರಗರನೆ ತಿಕ್ಕುತ್ತಾರೆ. ಮುಖದಲ್ಲಿ ಏನೋ ಪುಣ್ಯದ ಕೆಲಸ ಮಾಡಿದ ಕಳೆ ಬೇರೆ. ಮೂವತ್ತು ನಲವತ್ತು ಸಾವಿರದ ವಸ್ತುವನ್ನು ಹೀಗೆ ಪಾತ್ರೆ ತಿಕ್ಕಿದ ಹಾಗೆ ತಿಕ್ಕುವುದನ್ನು ನೋಡಿದರೆ ನನಗಂತೂ ಹೊಟ್ಟೆಯಲ್ಲಿ ಸಂಕಟ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಜಗಳ ಆಡೋಣ :-) ನಮ್ಮ ಲೆನ್ಸುಗಳು ಧೂಳಿನಿಂದ ಹಾಳಾಗುವುದಕ್ಕಿಂತ ಆ ಧೂಳನ್ನು ಒರೆಸುವುದರಿಂದ ಹಾಳಾಗುವುದೇ ಹೆಚ್ಚು. ಇನ್ನು ನಮ್ಮ ಮಲೆನಾಡು, ಕರಾವಳಿಯ ಕಡೆ ಅವುಗಳನ್ನು ನಿಜವಾಗಿ ಕೊಲ್ಲುವುದು ಬೂಷ್ಟು. ಅದು ಕೂರುವುದು ಗಾಜಿನ ಒಳಗೆ, ಅಲ್ಲಿಗೆ ಯಾರ ಟೀ ಶರ್ಟೂ ತಲುಪುವುದಿಲ್ಲ.

ಮೊದಲು ಧೂಳಿನ ವಿಷಯ. ನಂಬಿಕೆ ಬರದಿದ್ದರೆ ಒಂದು ಪ್ರಯೋಗ ಮಾಡಿ. ಅಕ್ಕಿಕಾಳಿನಷ್ಟು ಚಿಕ್ಕ ಕಾಗದದ ಚೂರನ್ನು ಲೆನ್ಸಿನ ಮುಂದೆ ಹಿಡಿದು (ಗಾಜಿಗೆ ಅಂಟಿಸಬೇಡಿ ಮತ್ತೆ!) ದೂರದ ಮರವೊಂದರ ಫೋಟೋ ತೆಗೆಯಿರಿ. 50 ಎಂಎಂ ಲೆನ್ಸು, ಅಪರ್ಚರ್ ಪೂರ್ತಿ ತೆರೆದಿರಲಿ. ಚಿತ್ರದಲ್ಲಿ ಕಾಗದ ಹುಡುಕಿದರೂ ಸಿಗುವುದಿಲ್ಲ. ಕಾರಣ ಸರಳ. ಮರದ ಒಂದೊಂದು ಎಲೆಯಿಂದ ಹೊರಟ ಬೆಳಕು ಲೆನ್ಸಿನ ಇಡೀ ಮುಖದ ಮೇಲೆ ಬಿದ್ದು, ಹಿಂದೆ ಒಂದು ಬಿಂದುವಿನಲ್ಲಿ ಮತ್ತೆ ಕೂಡಿಕೊಳ್ಳುತ್ತದೆ. ಧೂಳಿನ ಕಣ ಆ ಬೆಳಕಿನಲ್ಲಿ ಒಂದು ಚಿಟಿಕೆಯಷ್ಟನ್ನು ತಡೆಯುತ್ತದೆ ಅಷ್ಟೇ, ತಾನೇ ಚಿತ್ರವಾಗಿ ಮೂಡುವುದಿಲ್ಲ. ಸೂರ್ಯನಿಗೆ ಎದುರಾಗಿ ತೆಗೆಯುವಾಗ, ಅಥವಾ ವೈಡ್ ಆಂಗಲ್ ಲೆನ್ಸನ್ನು ಎಫ್/16ಕ್ಕೆ ಇಳಿಸಿದಾಗ ಮಾತ್ರ ಸ್ವಲ್ಪ ತೊಂದರೆ ಕೊಡಬಹುದು. ಹಿಂಭಾಗದ ಗಾಜಿನ ಮೇಲಿನ ಕೊಳೆ ಮುಂಭಾಗದ್ದಕ್ಕಿಂತ ಹೆಚ್ಚು ಕಾಡುತ್ತದೆ, ಅದನ್ನು ಮಾತ್ರ ಹುಷಾರಾಗಿ ನೋಡಿಕೊಳ್ಳಿ.

ಹಾಗಾದರೆ ನೀಲಿ ಆಕಾಶದಲ್ಲಿ ಕಾಣುವ ಆ ಬೂದು ಚುಕ್ಕೆಗಳು? ಅವು ಬಹುಪಾಲು ಸೆನ್ಸರಿನ ಮೇಲಿನ ಧೂಳು. ಲೆನ್ಸ್ ಬದಲಾಯಿಸಿದ ಮೇಲೂ ಚುಕ್ಕೆ ಅದೇ ಜಾಗದಲ್ಲಿದ್ದರೆ ಲೆನ್ಸು ನಿರಪರಾಧಿ. ಎಷ್ಟು ಜನ ಸೆನ್ಸರಿನ ಪಾಪಕ್ಕೆ ಲೆನ್ಸಿಗೆ ಶಿಕ್ಷೆ ಕೊಟ್ಟಿದ್ದಾರೋ!

ಇನ್ನು ಒರೆಸಿದರೆ ಏನು ನಷ್ಟ ಅಂತ ಕೇಳಬಹುದು. ನಷ್ಟ ಇರುವುದು ಲೆನ್ಸಿನ ಮೇಲೆ ನೇರಳೆಯಾಗಿಯೋ ಹಸಿರಾಗಿಯೋ ಹೊಳೆಯುತ್ತದಲ್ಲ, ಆ ಲೇಪನಕ್ಕೆ. ಲೇಪನ ಇಲ್ಲದ ಗಾಜಿನ ಒಂದೊಂದು ಮೇಲ್ಮೈಯೂ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ಶೇ. 4ರಷ್ಟನ್ನು ವಾಪಸ್ ಕಳಿಸಿಬಿಡುತ್ತದೆ. ಝೂಮ್ ಲೆನ್ಸಿನಲ್ಲಿ ಹದಿನೈದು ಗಾಜು, ಮೂವತ್ತು ಮೇಲ್ಮೈ ಅಂತಿಟ್ಟುಕೊಳ್ಳಿ. 0.96ನ್ನು ಮೂವತ್ತು ಸಲ ಗುಣಿಸಿ ನೋಡಿ (ಇಂಜಿನಿಯರಿಂಗ್ ಓದಿದ್ದಕ್ಕೆ ಇಷ್ಟಾದರೂ ಉಪಯೋಗವಾಗಲಿ), ಒಳಗೆ ತಲುಪುವುದು ಮೂರನೇ ಒಂದು ಪಾಲಿಗಿಂತ ಕಡಿಮೆ. ಉಳಿದ ಬೆಳಕಿನಲ್ಲಿ ಒಂದಿಷ್ಟು ಒಳಗೇ ಅಲ್ಲಿಂದಿಲ್ಲಿಗೆ ಪುಟಿದು ಚಿತ್ರವನ್ನೆಲ್ಲ ಮಬ್ಬು ಮಾಡುತ್ತದೆ. ಇದನ್ನು ತಡೆಯುವ ಲೇಪನದ ಒಂದು ಪದರ ಎಷ್ಟು ದಪ್ಪ ಗೊತ್ತೇ? ಸುಮಾರು 100 ನ್ಯಾನೋಮೀಟರ್. ನಮ್ಮ ತಲೆಕೂದಲನ್ನು ಐನೂರು ಪಾಲು ಮಾಡಿದರೆ ಸಿಗುವ ಒಂದು ಪಾಲಿನಷ್ಟು.

ಇದರ ಹುಟ್ಟಿನ ಕಥೆ ನನಗೆ ಬಹಳ ಇಷ್ಟ. 1890ರ ದಶಕದಲ್ಲಿ ಇಂಗ್ಲೆಂಡಿನ ಡೆನ್ನಿಸ್ ಟೇಲರ್ ಎಂಬ ಲೆನ್ಸ್ ತಜ್ಞ ಒಂದು ವಿಚಿತ್ರ ಗಮನಿಸಿದ. ಗಾಳಿಗೆ ಮಂಕಾಗಿ ಬಣ್ಣ ತಿರುಗಿದ ಹಳೇ ಲೆನ್ಸು ಹೊಸ ಲೆನ್ಸಿಗಿಂತ ಹೆಚ್ಚು ಬೆಳಕನ್ನು ಒಳಗೆ ಬಿಡುತ್ತಿತ್ತು! ಗಾಜಿನ ಮೇಲೆ ತಾನಾಗಿಯೇ ಬೆಳೆದಿದ್ದ ತೆಳುಪದರವೇ ಅದಕ್ಕೆ ಕಾರಣ. ಮುಂದೆ 1935ರಲ್ಲಿ ಝೈಸ್ ಕಂಪನಿಯ ಅಲೆಕ್ಸಾಂಡರ್ ಸ್ಮಾಕುಲ ಇಂಥ ಪದರವನ್ನು ನಿರ್ವಾತದಲ್ಲಿ ಲೇಪಿಸುವ ವಿಧಾನಕ್ಕೆ ಪೇಟೆಂಟ್ ಪಡೆದ. ಅಂದರೆ ಫಳಫಳ ಹೊಳೆಯುವ ಗಾಜೇ ಒಳ್ಳೆಯದು ಅನ್ನುವುದು ನೂರು ವರ್ಷದ ಹಿಂದೆಯೇ ಸುಳ್ಳಾಗಿದೆ.

ಈಗಿನ ಲೇಪನಗಳು ಗಟ್ಟಿ, ಒಪ್ಪಿದೆ. ಆದರೆ ಧೂಳು ಇನ್ನೂ ಗಟ್ಟಿ. ನಮ್ಮ ರಸ್ತೆ ಧೂಳಿನಲ್ಲಿ ಧಾರಾಳವಾಗಿರುವ ಮರಳು ಅಂದರೆ ಕ್ವಾರ್ಟ್ಜ್. ಮೋಸ್ ಗಡಸುತನದ ಅಳತೆಯಲ್ಲಿ ಅದು 7, ಗಾಜು ಐದೂವರೆ ಆರರ ಆಸುಪಾಸು. ಒಣ ಬಟ್ಟೆಯಲ್ಲಿ ಧೂಳು ಒರೆಸುವುದು ಅಂದರೆ ಕೈಯಾರೆ ಉಪ್ಪುಕಾಗದ ಹಾಕಿ ಉಜ್ಜಿದ ಹಾಗೇ.

ನನ್ನ ಸೋದರಮಾವ ತೀರ್ಥಹಳ್ಳಿ ಕಡೆ ಇಪ್ಪತ್ತು ವರ್ಷ ಮದುವೆ ಫೋಟೋ ತೆಗೆದವರು. ನಮ್ಮ ಕಡೆಯ ಎಷ್ಟೋ ಮನೆಗಳ ಆಲ್ಬಂ ಅವರ ಕೈಯಿಂದಲೇ ಆದದ್ದು. ಮುಹೂರ್ತಕ್ಕೆ ಮುಂಚೆ ಹೆಗಲ ಮೇಲಿನ ಟವೆಲ್ಲಿನಿಂದ ಲೆನ್ಸ್ ಒರೆಸುವುದು ಅವರಿಗೆ ದೇವರಿಗೆ ಕೈ ಮುಗಿದಷ್ಟೇ ಕಡ್ಡಾಯವಾಗಿತ್ತು. ಆ 50 ಎಂಎಂ ಲೆನ್ಸನ್ನು ಈಗ ಟ್ಯೂಬ್‌ಲೈಟಿನ ಕೆಳಗೆ ಓರೆಯಾಗಿ ಹಿಡಿದರೆ ಅಂಚಿನಲ್ಲಿ ಮಾತ್ರ ನೇರಳೆ ಹೊಳಪು, ನಡುವೆ ಬೋಳು. ದೀಪವೋ ಕಿಟಕಿಯೋ ಇರುವ ಚಿತ್ರ ತೆಗೆದರೆ ಹಾಲು ಚೆಲ್ಲಿದ ಹಾಗೆ ಮಬ್ಬು.

ಹಾಗಂತ ಒರೆಸಲೇಬಾರದು ಅಂತ ನಾನು ಹೇಳುತ್ತಿಲ್ಲ. ಬೆರಳಿನ ಗುರುತು, ಎಣ್ಣೆ ಜಿಡ್ಡು, ಒಣಗಿದ ನೀರಿನ ಕಲೆ ಇದ್ದರೆ ತೆಗೆಯಲೇಬೇಕು. ಆದರೆ ಕ್ರಮ ಮುಖ್ಯ. ಮೊದಲು ರಬ್ಬರ್ ಬ್ಲೋಯರ್. ಲೆನ್ಸಿನ ಮುಖ ಕೆಳಗೆ ಮಾಡಿ ಹಿಡಿದು ಪುಸ್ ಪುಸ್ ಅಂತ ಗಾಳಿ ಬಿಡಿ, ಧೂಳು ತಾನಾಗಿ ಕೆಳಗೆ ಬೀಳುತ್ತದೆ. ಹತ್ತರಲ್ಲಿ ಒಂಬತ್ತು ಸಲ ಕೆಲಸ ಇಲ್ಲಿಗೇ ಮುಗಿಯಿತು, ಮುಚ್ಚಳ ಹಾಕಿ ಮನೆಗೆ ಹೋಗಿ. ಬಾಯಿಂದ ಊದಿದರೆ ಗಾಳಿಯ ಜೊತೆ ಎಂಜಲೂ ಹಾರುತ್ತದೆ, ಬೇಡ. ಕಂಪ್ಯೂಟರ್ ಕೀಬೋರ್ಡಿಗೆ ಹೊಡೆಯುವ ಗಾಳಿ ಡಬ್ಬಿಯೂ ಬೇಡ. ಸ್ವಲ್ಪ ಓರೆಯಾದರೆ ಅದರಿಂದ ಕೊರೆಯುವ ತಣ್ಣನೆ ದ್ರವ ಚಿಮ್ಮುತ್ತದೆ. ಬ್ಲೋಯರಿಗೂ ಜಗ್ಗದ ಧೂಳಿಗೆ ಮೃದುವಾದ ಬ್ರಶ್ ಇದೆ. ಅದನ್ನು ಬೇರೆ ಯಾವುದಕ್ಕೂ ಬಳಸಬಾರದು, ಕೂದಲಿನ ತುದಿಯನ್ನು ಬೆರಳಿಂದ ಮುಟ್ಟಲೂಬಾರದು.

ಅಷ್ಟೆಲ್ಲ ಆದಮೇಲೂ ಜಿಡ್ಡು ಉಳಿದರೆ ಮಾತ್ರ ದ್ರಾವಣ. ಲೆನ್ಸಿಗೆಂದೇ ಸಿಗುವುದನ್ನೋ ಶುದ್ಧ ಐಸೊಪ್ರೊಪೈಲ್ ಆಲ್ಕೋಹಾಲನ್ನೋ ಒಂದೆರಡು ಹನಿ ಬಟ್ಟೆಗೆ ಹಾಕಿ. ಗಾಜಿಗೆ ನೇರವಾಗಿ ಹಾಕಿದರೆ ಅಂಚಿನ ಸಂದಿಯಲ್ಲಿ ಒಳಗೆ ಇಳಿಯುತ್ತದೆ. ನಡುವಿನಿಂದ ಶುರುಮಾಡಿ ಹೊರಕ್ಕೆ, ರಂಗೋಲಿಯ ಸುರುಳಿ ಎಳೆದ ಹಾಗೆ, ಒತ್ತದೆ. ಕಿಟಕಿ ಗಾಜು ಒರೆಸುವ ಸ್ಪ್ರೇ ಬೇಡ. ಉಗುರು ಬಣ್ಣ ತೆಗೆಯುವ ಅಸಿಟೋನ್ ಅಂತೂ ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ. 2020ರಿಂದ ಎಲ್ಲರ ಬ್ಯಾಗಲ್ಲೂ ಸ್ಯಾನಿಟೈಸರ್ ಬಂತು, ಅದೂ ಆಲ್ಕೋಹಾಲೇ ತಾನೇ ಅಂತ ಲೆನ್ಸಿಗೆ ಹಚ್ಚುವವರನ್ನು ನೋಡಿದ್ದೇನೆ. ಕೈ ಒಣಗದಿರಲಿ ಅಂತ ಅದಕ್ಕೆ ಗ್ಲಿಸರಿನ್ ಮುಂತಾದವು ಸೇರಿಸಿರುತ್ತಾರೆ ಕಣ್ರೀ, ಗಾಜಿನ ಮೇಲೆ ಹೊಸ ಜಿಡ್ಡು ಕೂರುತ್ತದೆ. ಮರವಂತೆ, ಮಲ್ಪೆಯ ಸಮುದ್ರದ ತುಂತುರು ಬಿದ್ದಿದ್ದರೆ ಮೊದಲು ಶುದ್ಧ ನೀರಲ್ಲಿ ಒದ್ದೆ ಮಾಡಿದ ಬಟ್ಟೆ. ಉಪ್ಪು ಆಲ್ಕೋಹಾಲಿನಲ್ಲಿ ಅಷ್ಟಾಗಿ ಕರಗುವುದಿಲ್ಲ, ಒಣ ಹರಳನ್ನು ಉಜ್ಜಲು ಹೋಗಬೇಡಿ.

ಇದಕ್ಕೆಲ್ಲ ಫಿಲ್ಟರ್ ಹಾಕಿದರೆ ಆಯ್ತಲ್ಲ ಅನ್ನುವವರಿದ್ದಾರೆ. ಯುವಿ ಫಿಲ್ಟರ್ ಫಿಲಂ ಕಾಲದಲ್ಲಿ ಕೆಲಸಕ್ಕೆ ಬರುತ್ತಿತ್ತು, ಡಿಜಿಟಲ್ ಸೆನ್ಸರಿನ ಮುಂದೆ ಆ ಕೆಲಸ ಮಾಡುವ ಗಾಜು ಮೊದಲೇ ಇರುತ್ತದೆ. ಸಮುದ್ರ, ಜಾತ್ರೆಯ ಕುಂಕುಮ, ಓಕುಳಿ ಇವುಗಳ ನಡುವೆ ಹೋಗುವಾಗ ನಾನೂ ಹಾಕುತ್ತೇನೆ. ಉಳಿದಂತೆ, ಇಪ್ಪತ್ತೈದು ಸಾವಿರದ ಲೆನ್ಸಿನ ಮುಂದೆ ಮುನ್ನೂರು ರೂಪಾಯಿಯ ಗಾಜು ಕೂರಿಸಿ ದೀಪಗಳ ಭೂತ ಬಿಂಬ ಪಡೆಯುವುದು ಯಾವ ಲೆಕ್ಕವೋ ನನಗೆ ಅರ್ಥವಾಗಿಲ್ಲ.

ಮೊಬೈಲಿಗೆ ಮಾತ್ರ ನನ್ನ ವಾದ ಉಲ್ಟಾ. ಅಲ್ಲಿ ಲೆನ್ಸು ಕಡಲೆಕಾಳಿಗಿಂತ ಚಿಕ್ಕದು, ಒಂದು ಬೆರಳಿನ ಗುರುತು ಇಡೀ ಲೆನ್ಸನ್ನೇ ಮುಚ್ಚುತ್ತದೆ. ಮೇಲಿರುವುದು ಗಟ್ಟಿ ರಕ್ಷಣಾ ಗಾಜು (ಐಫೋನಿನಲ್ಲಿ 2012ರಿಂದ ನೀಲಮಣಿಯ ಹರಳು). ಚಪಾತಿ ತಿಂದ ಕೈಯಲ್ಲಿ ಮುಟ್ಟಿ, ಆಮೇಲೆ ‘ಈ ಫೋನಿನ ಕ್ಯಾಮೆರಾ ಸರಿ ಇಲ್ಲ’ ಅನ್ನುವವರು ಶುಭ್ರ ಬಟ್ಟೆಯಲ್ಲಿ ಒಮ್ಮೆ ಒರೆಸಿ ನೋಡಲಿ.

ಈಗ ಬೂಷ್ಟು. ಮಾವನ ಮಗಳು ಈ ನಡುವೆ ಫೋಟೋಗ್ರಫಿ ಕಲಿಯುತ್ತಿದ್ದಾಳೆ. ಹಳೇ ಲೆನ್ಸುಗಳನ್ನು ಅಡಾಪ್ಟರ್ ಹಾಕಿ ಈಗಿನ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಬಳಸಬಹುದು ಅಂತ ಗೊತ್ತಾದದ್ದೇ ಅಪ್ಪನ ಬೀರು ತೆಗೆಸಿದಳು. ಮಾವ ತುಂಬಾ ಜೋಪಾನ ಮಾಡಿದ್ದ 135 ಎಂಎಂ ಲೆನ್ಸು ಅಲ್ಲಿತ್ತು. ಕೆಲಸ ಬಿಟ್ಟಾಗ ಚೆನ್ನಾಗಿ ಒರೆಸಿ, ಚರ್ಮದ ಚೀಲದಲ್ಲಿಟ್ಟು, ಚೀಲವನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟದ್ದು. ಬೆಳಕಿಗೆ ಹಿಡಿದರೆ ಒಳಗೆ ಜೇಡರ ಬಲೆಯಂಥ ಬಿಳಿ ಎಳೆಗಳು. “ಅಷ್ಟು ಒರೆಸಿ ಇಟ್ಟಿದ್ದೆ ಮಾರಾಯ, ಎಲ್ಲಿಂದ ಬಂತು ಇದು?” ಅಂದರು ಮಾವ. ಬೆಂಗಳೂರಿನ ರಿಪೇರಿಯವರೊಬ್ಬರು ಬಿಚ್ಚಿ ತೊಳೆದುಕೊಟ್ಟರು. ಎಳೆಗಳು ಹೋದವು, ಅವು ಬಿಟ್ಟ ಆಮ್ಲ ತಿಂದ ಗುರುತು ಗಾಜಿನ ಮೇಲೆ ಹಾಗೇ ಉಳಿದಿದೆ. ಅದನ್ನು ತೆಗೆಯಲು ಯಾರಿಂದಲೂ ಆಗುವುದಿಲ್ಲ.

ಗಾಳಿಯ ತೇವ ಶೇ. 60-65 ದಾಟಿ ದಿನಗಟ್ಟಲೆ ನಿಂತರೆ ಬೂಷ್ಟಿಗೆ ಹಬ್ಬ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ. ನಮ್ಮ ಮನೆಗಳಲ್ಲಿ ಆಷಾಢ ಶ್ರಾವಣದಲ್ಲಿ ಚಪ್ಪಲಿಗೂ ಬೆಲ್ಟಿಗೂ ಬೂಷ್ಟು ಬರುವಾಗ ಲೆನ್ಸಿಗೆ ಯಾಕೆ ಬರುವುದಿಲ್ಲ? ಚರ್ಮದ ಚೀಲ ತೇವ ಹಿಡಿದಿಡುತ್ತದೆ, ಕತ್ತಲ ಬೀರು ಉಳಿದದ್ದನ್ನು ಮಾಡುತ್ತದೆ. ನನ್ನ ಮಟ್ಟಿಗೆ, ವಾರಕ್ಕೊಮ್ಮೆ ಹೊರಗೆ ತೆಗೆದು ಬೆಳಕು ಗಾಳಿ ಕಾಣಿಸಿದ ಧೂಳು ಹಿಡಿದ ಲೆನ್ಸು ಒರೆಸಿ ಕಟ್ಟಿಟ್ಟ ಲೆನ್ಸಿಗಿಂತ ಸಾವಿರ ಪಾಲು ಮೇಲು.

ದುಡ್ಡಿದ್ದವರು ಡ್ರೈ ಕ್ಯಾಬಿನೆಟ್ ಕೊಳ್ಳಲಿ. ಇಲ್ಲದವರಿಗೆ ಗಾಳಿಯಾಡದ ಅಡುಗೆಮನೆ ಡಬ್ಬಿ, ಒಳಗೆ ಬಟ್ಟೆ ಚೀಲದಲ್ಲಿ ಸಿಲಿಕಾ ಜೆಲ್, ತೇವ ಅಳೆಯುವ ಒಂದು ಪುಟ್ಟ ಮೀಟರು ಸಾಕು. ಮುಳ್ಳು 40-50ರ ನಡುವೆ ಇದ್ದರೆ ನಿದ್ದೆ ಮಾಡಬಹುದು. ಅಕ್ಕಿ ಹಾಕುವ ಸಲಹೆ ನಂಬಬೇಡಿ, ಅದರ ಹಿಟ್ಟೇ ಹೊಸ ಧೂಳು. ನೀಲಿ ಸಿಲಿಕಾ ಜೆಲ್‌ನಲ್ಲಿ ಕೋಬಾಲ್ಟ್ ಕ್ಲೋರೈಡ್ ಎಂಬ ವಿಷವಿರುತ್ತದೆ, ಕಿತ್ತಳೆ ಬಣ್ಣದ್ದು ತನ್ನಿ. ತೇವ ಕುಡಿದು ಹಸಿರಾದಾಗ ಅದಕ್ಕೆಂದೇ ತೆಗೆದಿಟ್ಟ ಹಳೇ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಕಿತ್ತಳೆಗೆ ಬರುತ್ತದೆ. ನಮ್ಮನೆಯಲ್ಲಿ ಆ ಡಬ್ಬಿಯ ಮೇಲೆ ಅಮ್ಮ ದಪ್ಪಕ್ಷರದಲ್ಲಿ ಬರೆದು ಅಂಟಿಸಿದ್ದಾರೆ: ‘ಇದು ಬೂಂದಿ ಅಲ್ಲ’.