ಮೋಜಿನ ದೋಣಿ ಮತ್ತು ಎಣಿಕೆಗೆ ಬಾರದ ತಲೆ

‘ವಯಸ್ಕರಿಗೆ ಮಾತ್ರ’ ಎಂಬ ಫಲಕವು ಒಂದು ಕಾಲಕ್ಕೆ ಚಿತ್ರಮಂದಿರಗಳ ಬಾಗಿಲಲ್ಲಿ ಮಾತ್ರ ಕಾಣುತ್ತಿದ್ದಿತು. ಈಗ ಅದು ನೀರಿಗೂ ಇಳಿದಿದೆ. ಗೋವೆಯ ಮಾಂಡೋವಿ ನದಿಯಲ್ಲಾಗಲಿ ಮುಂಬಯಿಯ ಬಂದರಿನಲ್ಲಾಗಲಿ, ದೋಣಿಯನ್ನು ಬಾಡಿಗೆಗೆ ಹಿಡಿದು ಊಟ, ಸಂಗೀತ, ಪಾನಗಳೊಡನೆ ಕೆಲವು ಗಂಟೆ ಕಳೆದು ಬರುವುದು ಇಂದು ಹೊಸ ಸಂಗತಿಯಲ್ಲ. ಭಿವಂಡಿ, ಥಾಣೆ, ಕಲ್ಯಾಣ, ಡೊಂಬಿವಲಿಗಳ ನಮ್ಮ ಓದುಗರಲ್ಲಿ ವಾರದ ರಜೆಗೆ ಗೆಳೆಯರೊಡನೆ ವಂತಿಗೆ ಕೂಡಿಸಿ ಇಂತಹ ವಿಹಾರಕ್ಕೆ ಹೊರಡುವವರೂ ಇರಬಹುದು. ಇಂತಹದೇ ವಿಹಾರದಲ್ಲಿ ತಟ್ಟೆ ಹಿಡಿದು ಬಡಿಸಲು ಹೋಗುವವರೂ ಇರಬಹುದು. ಆದುದರಿಂದ ಈ ವಿಷಯವು ನಮಗೆ ಎರಡು ಕಡೆಯಿಂದಲೂ ಸಂಬಂಧಿಸಿದ್ದು.

ನಾವಿಲ್ಲಿ ನೀತಿಬೋಧೆ ಮಾಡಹೊರಟಿಲ್ಲ. ವಾರದ ಆರು ದಿನ ಒಲೆಯ ಮುಂದೆಯೋ ಗಲ್ಲೆಯ ಹಿಂದೆಯೋ ಕಡತಗಳ ನಡುವೆಯೋ ಸವೆದ ಮನುಷ್ಯನು ಏಳನೆಯ ದಿನ ನೀರಿನ ಗಾಳಿ ಬಯಸಿದರೆ ಅದು ದೋಷವಲ್ಲ. ನಮ್ಮ ಪ್ರಶ್ನೆ ಬೇರೆ. ದೋಣಿ ಎಷ್ಟು ಜನರನ್ನು ಹೊರಬಲ್ಲದು? ಹತ್ತಿದವರನ್ನು ಎಣಿಸಿದವರು ಯಾರು? ಆ ಎಣಿಕೆಯಲ್ಲಿ ಯಾರ ತಲೆ ಸೇರಿತು, ಯಾರದು ಬಿಟ್ಟುಹೋಯಿತು?

ಉದಾಹರಣೆಗಾಗಿ ದೂರ ಹೋಗಬೇಕಿಲ್ಲ. 2016ರ ಡಿಸೆಂಬರಿನಲ್ಲಿ ಮುಂಬಯಿಯ ಪವಾಯಿ ಕೆರೆಯ ತೇಲುಮನೆಯೊಂದರಲ್ಲಿ ಕೂಟ ನಡೆಸಿದ ಗುಂಪೊಂದರ ದೋಣಿ ರಾತ್ರಿಯ ವೇಳೆ ಮಗುಚಿ, ಮೂವರು ಪ್ರಾಣ ಕಳೆದುಕೊಂಡರು. ಅದು ಅಲೆಗಳೇಳುವ ಸಮುದ್ರವಲ್ಲ. ಸುತ್ತಲೂ ನಗರವೇ ನಿಂತಿರುವ, ಬ್ರಿಟಿಷರ ಕಾಲದಲ್ಲಿ ಕುಡಿಯುವ ನೀರಿಗೆಂದು ಕಟ್ಟಿದ ಕೆರೆ. ದಡ ಹತ್ತಿರವಿದೆಯೆಂಬ ಧೈರ್ಯವು ಕೆರೆಯ ಮೇಲೆ ಎಷ್ಟು ಹುಸಿಯೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ದೋಣಿ ಮಗುಚುವುದಕ್ಕೆ ಬಿರುಗಾಳಿಯೇ ಬೀಸಬೇಕೆಂದಿಲ್ಲ. ಸರಾಸರಿ 65 ಕಿಲೋ ತೂಕದ ಇಪ್ಪತ್ತು ಮಂದಿ ಒಮ್ಮೆಗೇ ಒಂದು ಪಕ್ಕಕ್ಕೆ ಸರಿದರೆ 1,300 ಕಿಲೋ ಭಾರ ಅತ್ತ ವಾಲಿದಂತಾಯಿತು. ಹೋಟೆಲಿನ ಉಗ್ರಾಣದ ಲೆಕ್ಕದಲ್ಲಿ ಹೇಳುವುದಾದರೆ, 50 ಕಿಲೋದ 26 ಅಕ್ಕಿಮೂಟೆಗಳನ್ನು ದೋಣಿಯ ಒಂದೇ ಅಂಚಿಗೆ ಒಟ್ಟಿದ ಹಾಗೆ. ಆ ಭಾರ ಮೇಲಂತಸ್ತಿನಲ್ಲಿದ್ದರೆ ಅಪಾಯ ಇನ್ನಷ್ಟು. ಮೂಟೆಯಾದರೋ ಇಟ್ಟಲ್ಲಿ ಇರುತ್ತದೆ, ಜನ ಹಾಗಿರುವುದಿಲ್ಲ. ಹಾಡು ಬದಲಾದರೆ, ಛಾಯಾಚಿತ್ರ ತೆಗೆಯಬೇಕಾದರೆ ಎಲ್ಲರೂ ಒಂದೇ ಕಡೆಗೆ ಧಾವಿಸುತ್ತಾರೆ. 2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿಯ ಜಲಾಶಯದಲ್ಲಿ ‘ಜಲಕನ್ಯಕಾ’ ಎಂಬ ಎರಡಂತಸ್ತಿನ ದೋಣಿ ಮುಳುಗಿ 45 ಜನ ಮಡಿದರು. ಕಾಡುಮೃಗಗಳನ್ನು ನೋಡಲು ಜನ ಒಂದು ಪಕ್ಕಕ್ಕೆ ನುಗ್ಗಿದುದೇ ಆ ದುರಂತಕ್ಕೆ ಮುಖ್ಯ ಕಾರಣವೆಂದು ಹೇಳಲಾಯಿತು. ಆ ದೋಣಿ ಸರಕಾರದ ಪ್ರವಾಸೋದ್ಯಮ ನಿಗಮದ್ದೇ ಆಗಿತ್ತೆಂಬುದನ್ನೂ ಮರೆಯಲಾಗದು.

ಇದಕ್ಕೆ ಪಾನವೂ ಕೂಡಿದರೆ ಹೇಳತಕ್ಕದ್ದೇನು? ಮದ್ಯವು ಕಾಲಿನ ತೋಲನವನ್ನೂ ಬುದ್ಧಿಯ ಎಚ್ಚರವನ್ನೂ ಒಟ್ಟಿಗೇ ಕಸಿಯುತ್ತದೆ. ದಡದಲ್ಲಿ ಚೆನ್ನಾಗಿ ಈಜಬಲ್ಲವನೂ ಅಮಲಿನಲ್ಲಿ ನೀರಿಗೆ ಬಿದ್ದಾಗ ದಿಕ್ಕು ತಪ್ಪುತ್ತಾನೆ. ಇನ್ನು, ‘ವಯಸ್ಕ’ ಎಂಬ ಮಾತಿಗೆ ನಮ್ಮ ರಾಜ್ಯದ ಕಾನೂನು ಕೊಡುವ ಅರ್ಥವನ್ನು ಎಷ್ಟು ಜನ ಬಲ್ಲರು? ಮತದಾನಕ್ಕೆ 18 ತುಂಬಿದರೆ ಸಾಕು. ಮಹಾರಾಷ್ಟ್ರದಲ್ಲಿ ಬಿಯರಿಗೆ 21, ಕಟುಮದ್ಯಕ್ಕೆ 25 ತುಂಬಿರಬೇಕು. ಹತ್ತೊಂಬತ್ತರ ಹುಡುಗನನ್ನು ‘ವಯಸ್ಕ’ನೆಂದು ಹತ್ತಿಸಿಕೊಂಡು ಗ್ಲಾಸು ಕೈಗಿಡುವ ದೋಣಿಯವನು ಫಲಕದ ಮಾತನ್ನು ಉಳಿಸಿಕೊಂಡರೂ ಕಾನೂನನ್ನು ಮುರಿದಿರುತ್ತಾನೆ.

ಕೊಲ್ಲಿ ನಾಡಿನಲ್ಲಿ ಬಂಧುಗಳಿರುವ ನಮ್ಮವರು 2006ರ ಮಾರ್ಚ್ 30ರ ಬಹರೈನ್ ದುರಂತವನ್ನು ಮರೆತಿರಲಾರರು. ದೊಡ್ಡ ಕಟ್ಟಡವೊಂದರ ಕೆಲಸದ ಸಂತೋಷಕೂಟಕ್ಕೆಂದು ಸಿಬ್ಬಂದಿಯವರೂ ಅತಿಥಿಗಳೂ ಹತ್ತಿದ್ದ ‘ಅಲ್ ದಾನಾ’ ದೋಣಿ ಮಗುಚಿ 58 ಮಂದಿ ಸತ್ತರು. ಅವರಲ್ಲಿ ಭಾರತೀಯರೇ ಇಪ್ಪತ್ತಕ್ಕೂ ಹೆಚ್ಚು. ಧಣಿಯು ಏರ್ಪಡಿಸಿದ ಕೂಟವೆಂದ ಮಾತ್ರಕ್ಕೆ ದೋಣಿ ಸುರಕ್ಷಿತವೆಂದು ನಂಬತಕ್ಕದ್ದಲ್ಲ.

ಕಾನೂನಿನ ಕೊರತೆಯಿದೆಯೆಂದು ಹೇಳುವಂತಿಲ್ಲ. 1917ರ ಹಳೆಯ ಕಾಯಿದೆಯ ಸ್ಥಾನದಲ್ಲಿ 2021ರಲ್ಲಿ ಸಂಸತ್ತು ಒಳನಾಡು ನೌಕಾ ಕಾಯಿದೆಯನ್ನು ಅಂಗೀಕರಿಸಿತು. ಯಂತ್ರದೋಣಿಗೆ ತಪಾಸಣೆಯ ಪ್ರಮಾಣಪತ್ರ, ನೋಂದಣಿ, ವಿಮೆ, ನಡೆಸುವವನಿಗೆ ಅರ್ಹತಾಪತ್ರ ಎಲ್ಲವನ್ನೂ ಅದು ವಿಧಿಸುತ್ತದೆ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು 2017ರಲ್ಲೇ ದೋಣಿ ಸುರಕ್ಷತೆಯ ಸೂಚನೆಗಳನ್ನು ಹೊರಡಿಸಿದ್ದಿತು. ಇಷ್ಟಾಗಿಯೂ 2024ರ ಜನವರಿ 18ರಂದು ವಡೋದರೆಯ ಹರಣಿ ಕೆರೆಯಲ್ಲಿ, ನಗರಪಾಲಿಕೆಯು ಗುತ್ತಿಗೆಗೆ ಕೊಟ್ಟ ವಿಹಾರತಾಣದಲ್ಲಿಯೇ, ಮಿತಿಮೀರಿ ತುಂಬಿದ ದೋಣಿ ಮಗುಚಿ ಶಾಲೆಯ 12 ಮಕ್ಕಳೂ ಇಬ್ಬರು ಶಿಕ್ಷಕಿಯರೂ ಬಲಿಯಾದರು. ಅನೇಕ ಮಕ್ಕಳ ಮೈಮೇಲೆ ಜೀವರಕ್ಷಕ ಜಾಕೀಟು ಇರಲಿಲ್ಲ. ಅಲ್ಲಿ ಮದ್ಯವಿರಲಿಲ್ಲ, ಅಮಲಿರಲಿಲ್ಲ. ಇದ್ದುದು ಲೆಕ್ಕವಿಲ್ಲದ ಭಾರ ಮತ್ತು ಕೇಳುವವರಿಲ್ಲದ ಗುತ್ತಿಗೆ. ಕಾನೂನು ಪುಸ್ತಕದಲ್ಲಿದ್ದರೆ ಸಾಲದು, ಅದು ದಕ್ಕೆಯ ಮೇಲೆ ನಿಂತಿರಬೇಕು.

ಈಗ ನಮ್ಮ ಮುಖ್ಯ ಮಾತಿಗೆ ಬರೋಣ. ಟಿಕೇಟು ಕೊಂಡವನ ತಲೆಯನ್ನು ದೋಣಿಯವನು ಹೇಗಾದರೂ ಎಣಿಸುತ್ತಾನೆ, ಏಕೆಂದರೆ ಅದು ಅವನ ಆದಾಯ. ಅಡುಗೆಯ ಭಟ್ಟ, ಬಡಿಸುವ ಹುಡುಗ, ತಟ್ಟೆ ತೊಳೆಯುವವನು, ವಾದ್ಯದವನು, ಇವರು ಟಿಕೇಟು ಕೊಂಡವರಲ್ಲ. ಟಿಕೇಟಿನ ಲೆಕ್ಕಕ್ಕೆ ಜಾಕೀಟು ತಂದಿಟ್ಟ ದೋಣಿಯಲ್ಲಿ ಇವರ ಪಾಲಿಗೆ ಜಾಕೀಟೂ ಇರದು. ಇದ್ದರೂ ತಟ್ಟೆ ಹಿಡಿದು ಓಡಾಡಲು ಅಡ್ಡಿಯೆಂದು ಅದನ್ನು ತೆಗೆದಿಡುವಂತೆ ಹೇಳುವವರುಂಟು. ಅತಿಥಿಗಳು ತೆರೆದ ಅಟ್ಟದ ಮೇಲಿರುವಾಗ ಒಲೆ, ಸಿಲಿಂಡರು, ಪಾತ್ರೆಗಳ ನಡುವೆ ಕೆಳಗೆ ಸಿಕ್ಕಿಬೀಳುವವರು ಇವರೇ. ಹೊರಗಿನ ‘ಆರ್ಡರ್’ ಎಂದು ಒಂದು ದಿನದ ಮಟ್ಟಿಗೆ ಬಾಯಿಮಾತಿನ ಮೇಲೆ ಹೋದವನ ಹೆಸರು ಯಾವ ಕಾಗದದಲ್ಲಿಯೂ ಇಲ್ಲದಿದ್ದರೆ, ನಾಳೆ ಅವನ ಮನೆಯವರು ಪರಿಹಾರ ಕೇಳುವುದು ಯಾರನ್ನು? ಕೆಲಸದ ವೇಳೆಯ ಅಪಘಾತಕ್ಕೆ ಮಾಲೀಕನು ಹೊಣೆಯೆಂಬ ತತ್ತ್ವವು 1923ರಿಂದಲೂ ನಮ್ಮ ಕಾನೂನಿನಲ್ಲಿದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ನೇಮಕಪತ್ರವನ್ನೂ ಕಡ್ಡಾಯಗೊಳಿಸಿವೆ. ಆದರೆ ಹಕ್ಕು ಸಿದ್ಧವಾಗಬೇಕಾದರೆ ಮೊದಲು ಹೆಸರು ದಾಖಲಾಗಬೇಕು.

ನಮ್ಮ ಭಿವಂಡಿಯ ವರಾಳಾ ದೇವಿ ಕೆರೆಯು ಊರಿಗೆ ಕುಡಿಯುವ ನೀರಿನ ಪಾಲನ್ನೂ ಕೊಡುವಂಥದು. ಮೋಜಿನ ದೋಣಿಗೆ ಅದು ಸ್ಥಳವಲ್ಲವೆಂದೇ ನಮ್ಮ ಅಭಿಪ್ರಾಯ. ಥಾಣೆಯ ಮಾಸುಂದಾ ಕೆರೆಯಂತಹ ಕಡೆ ದೋಣಿವಿಹಾರ ರೂಢಿಯಲ್ಲಿದೆ. ಅದು ಇರಲಿ, ಆದರೆ ನಿಯಮದಂತೆ ಇರಲಿ. ಪ್ರತಿಯೊಂದು ದೋಣಿಯ ಮೇಲೂ ಹೊರಬಹುದಾದ ಜನರ ಸಂಖ್ಯೆಯನ್ನು ಕೆಲಸಗಾರರನ್ನೂ ಸೇರಿಸಿ, ಮರಾಠಿಯಲ್ಲಿ ದೊಡ್ಡ ಅಂಕೆಗಳಿಂದ ಬರೆಯಿಸಬೇಕು. ಹತ್ತಿದ ಎಲ್ಲರ ಹೆಸರಿನ ಪಟ್ಟಿಯೊಂದು ದಡದಲ್ಲಿ ಉಳಿಯಬೇಕು. ಕತ್ತಲಾದ ಮೇಲೆ ದೋಣಿ ಬಿಡಕೂಡದು. ನಗರಪಾಲಿಕೆಗಳು ಗುತ್ತಿಗೆಯ ಹಣ ಎಣಿಸುವಾಗ ತೋರುವ ಶ್ರದ್ಧೆಯನ್ನು ಜಾಕೀಟುಗಳನ್ನು ಎಣಿಸುವಲ್ಲಿಯೂ ತೋರಬೇಕು.

ನಮ್ಮ ಓದುಗ ಬಂಧುಗಳಿಗೆ ಹೇಳುವುದಿಷ್ಟೇ. ವಿಹಾರಕ್ಕೆ ಹೋಗುವುದಿದ್ದರೆ ಜಾಕೀಟು ತೊಟ್ಟ ಮೇಲೆಯೇ ಹೆಜ್ಜೆ ಇಡಿರಿ, ದೋಣಿ ತುಂಬಿದ್ದರೆ ಕೊಟ್ಟ ಹಣ ಹೋದರೂ ಹತ್ತದಿರಿ. ಕೆಲಸಕ್ಕೆ ಹೋಗುವುದಿದ್ದರೆ ನಿಮ್ಮ ಹೆಸರನ್ನು ಪಟ್ಟಿಯಲ್ಲಿ ಬರೆಯಿಸಿರಿ, ನಿಮಗೂ ಒಂದು ಜಾಕೀಟು ಕೇಳಿ ಪಡೆಯಿರಿ. ಕೇಳುವುದಕ್ಕೆ ಸಂಕೋಚಪಡುವ ಕಾರಣವಿಲ್ಲ. ನೀರು ಅತಿಥಿ ಯಾರು, ಬಡಿಸುವವನು ಯಾರು ಎಂದು ವಿಚಾರಿಸುವುದಿಲ್ಲ.